ಹನ್ನೆರಡರ ಜಾಗದಲ್ಲಿ ಚನ್ನರಾಯನದುರ್ಗ

ತನ್ನ ಊರಿನ ಹೆಸರನ್ನು ತಪ್ಪಿಲ್ಲದೆ ಬರೆದ ಕಾರಣಕ್ಕೆ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ನಪಾಸಾದರೆ, ತಿದ್ದಬೇಕಾದದ್ದು ಯಾವುದನ್ನು? ಹುಡುಗಿಯನ್ನೋ, ಪರೀಕ್ಷೆಯನ್ನೋ, ಊರನ್ನೋ? ಉತ್ತರ ಸುಲಭವೆಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ನಾನು ಬಲ್ಲ ಒಂದು ಕಾಲೇಜಿನಲ್ಲಿ ಮಾತ್ರ ಊರನ್ನೇ ತಿದ್ದಿದರು. ಅದು ಇಂದಿಗೂ ತಿದ್ದಿದಂತೆಯೇ ಇದೆ.

ಕಳೆದ ತಿಂಗಳು ಮಧುಗಿರಿಯ ಆ ಕಾಲೇಜಿಗೆ ಬಾಹ್ಯ ಪರೀಕ್ಷಕನಾಗಿ ಹೋಗಿದ್ದೆ. ಕಂಪ್ಯೂಟರ್ ಪ್ರಯೋಗಾಲಯದ ಬಾಗಿಲಲ್ಲಿ ಎಂದಿನಂತೆ ಚಪ್ಪಲಿಗಳ ಸಾಲಿತ್ತು. ಒಳಗೆ ಕಾಲಿಟ್ಟ ಕೂಡಲೇ ಬಿಸಿಯಾದ ಸ್ಟೆಬಿಲೈಜರಿನ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಅದರೊಳಗೆ ಸಣ್ಣಗೆ ಬೆರೆತ ಇನ್ನೊಂದು ವಾಸನೆಯೂ ಇತ್ತು. ಅದು ಕಾಗದದ ಮೇಲೆ ಉಜ್ಜಿದ ರಬ್ಬರಿನದು. ಆ ಎರಡನೆಯ ವಾಸನೆಯೇ ನನ್ನನ್ನು ಎಂಟು ವರ್ಷ ಹಿಂದಕ್ಕೆ ಕೊಂಡೊಯ್ದಿತು. ಅದೇ ಕೋಣೆಯಲ್ಲಿ ನಾನು ಅತಿಥಿ ಉಪನ್ಯಾಸಕನಾಗಿದ್ದ ಏಕೈಕ ಸೆಮಿಸ್ಟರ್ ಅದು. ಆಷಾಢದ ಗಾಳಿಯಲ್ಲಿ ಆರಂಭವಾಗಿ ಕಾರ್ತಿಕದ ಚಳಿಯಲ್ಲಿ ಮುಗಿದದ್ದು.

ನನ್ನನ್ನು ಅಲ್ಲಿಗೆ ಕರೆತಂದವನು ನಾಗಭೂಷಣ. ಸಿರಾದವನು. ತುಮಕೂರಿನಲ್ಲಿ ಓದುವಾಗ ನಾವಿಬ್ಬರೂ ಒಂದೇ ಚರ್ಚಾ ತಂಡದಲ್ಲಿದ್ದೆವು. ನಾನು ವಿಷಯವನ್ನು ಮಂಡಿಸುತ್ತಿದ್ದೆ, ಅವನು ಎದುರಾಳಿಗಳ ಮಾತನ್ನು ಖಂಡಿಸುತ್ತಿದ್ದ. ಕಂಠಪಾಠ ವಿದ್ಯೆಯಲ್ಲ ಎಂಬ ಪಕ್ಷ ವಹಿಸಿ ನಾವು ಎಷ್ಟು ವೇದಿಕೆ ಹತ್ತಿದೆವೋ ಲೆಕ್ಕವಿಲ್ಲ. ಅವನು ಆ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥನಾದ ಮೇಲೆ ಫೋನು ಮಾಡಿ, ವೇದಿಕೆಯ ಮೇಲೆ ಹೇಳಿದ್ದನ್ನು ತರಗತಿಯಲ್ಲಿ ಮಾಡಿ ತೋರಿಸುವ ಕಾಲ ಬಂದಿದೆ ಬಾ ಎಂದ. ನಾನು ಎರಡನೆಯ ಮಾತಿಲ್ಲದೆ ಹೋದೆ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅಲ್ಲಿನ ಒಂದು ಪದ್ಧತಿ ನನ್ನ ಕಣ್ಣಿಗೆ ಬಿತ್ತು. ಪ್ರಯೋಗಾಲಯದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ರೆಕಾರ್ಡ್ ಪುಸ್ತಕವಿರುತ್ತದೆ. ಬಲಪುಟದಲ್ಲಿ ಗೆರೆಗಳಿರುತ್ತವೆ, ಅಲ್ಲಿ ಪ್ರೋಗ್ರಾಮನ್ನು ಪೆನ್ನಿನಲ್ಲಿ ಬರೆಯಬೇಕು. ಎಡಪುಟ ಖಾಲಿ; ಅಲ್ಲಿ ಆ ಪ್ರೋಗ್ರಾಮು ಓಡಿದಾಗ ಪರದೆಯ ಮೇಲೆ ಬಂದ ಉತ್ತರವನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಮೇಷ್ಟರು ಎರಡಕ್ಕೂ ಸೇರಿ ಒಂದು ಸಹಿ ಹಾಕುತ್ತಾರೆ. ಆದರೆ ಆ ಎಡಪುಟಗಳಲ್ಲಿ ಹೆಚ್ಚಿನವು ಹಿಂದಿನ ವರ್ಷದವರ ಪುಸ್ತಕ ನೋಡಿ ಇಳಿಸಿಕೊಂಡವು. ಪ್ರೋಗ್ರಾಮು ಓಡುವ ಮೊದಲೇ ಉತ್ತರ ಸಿದ್ಧವಾಗಿರುತ್ತಿತ್ತು. ಕರೆಂಟು ಮೂರು ಗಂಟೆಗೆ ಹೋಗುತ್ತಿದ್ದ ಆ ದಿನಗಳಲ್ಲಿ ಎರಡೂಮುಕ್ಕಾಲಕ್ಕೆ ಎಲ್ಲರ ಉತ್ತರವೂ ಬಂದಾಗಿರುತ್ತಿತ್ತು, ಯಂತ್ರ ಹಾಕದವರದ್ದೂ.

ನಾನು ತರಗತಿಯಲ್ಲಿ ಒಂದು ಮಾತು ಕೊಟ್ಟೆ. ನನ್ನ ಬ್ಯಾಚಿನಲ್ಲಿ ಎಡಪುಟದಲ್ಲಿ ನಿಜವಾಗಿ ಬಂದದ್ದನ್ನೇ ಬರೆಯಬೇಕು. ತಪ್ಪು ಬಂದರೆ ತಪ್ಪನ್ನೇ ಬರೆಯಬೇಕು. ತಪ್ಪು ಬರೆದವರಿಗೆ ಒಂದು ಅಂಕವೂ ಕಡಿಮೆಯಾಗದು, ಅದರ ಕಾರಣ ಹುಡುಕಿದವರಿಗೆ ಹೆಚ್ಚೇ ಸಿಕ್ಕೀತು. ನಾಗಭೂಷಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ನಿನ್ನ ಬೆನ್ನಿಗೆ ನಾನಿದ್ದೇನೆ ಎಂದ.

ಆ ಮಾತನ್ನು ನಂಬಿ ಮೊದಲು ಎದ್ದು ಬಂದವಳು ಪವಿತ್ರ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದವಳು. ಇದೇ ಪ್ರಯೋಗಾಲಯದ ವಿಷಯದಲ್ಲಿ ಹಿಂದಿನ ವರ್ಷ ನಪಾಸಾಗಿ, ಕಿರಿಯರ ಬ್ಯಾಚಿನಲ್ಲಿ ಕೂರುತ್ತಿದ್ದಳು. ಈ ಸಲವೂ ನಪಾಸಾದರೆ ಕೊನೆಯ ವರ್ಷಕ್ಕೆ ಅವಳನ್ನು ಸೇರಿಸುವಂತಿರಲಿಲ್ಲ. ಓದು ಅಲ್ಲಿಗೆ ನಿಲ್ಲುತ್ತಿತ್ತು. ಅವಳು ತಂದ ಪುಸ್ತಕದ ಎಡಪುಟದಲ್ಲಿ, ಹಿಂದಿನ ವರ್ಷದ ಪರೀಕ್ಷೆಯಲ್ಲಿ ತನಗೆ ಬಂದ ಉತ್ತರವೆಂದು ನೆನಪಿನಿಂದಲೇ ಮೂರು ಸಾಲು ಬರೆದಿದ್ದಳು. ಊರು: ಚನ್ನರಾಯನದುರ್ಗ. ಸಂಖ್ಯೆ: 1735554404. ಹೆಸರು: ಇಂಗ್ಲಿಷಿನ ಎ ಎಂಬ ಒಂದೇ ಅಕ್ಷರ.

"ನನ್ ನಂಬರು ನಲವತ್ತೊಂದು ಸಾರ್. ನನ್ ಹೆಸ್ರು ಪವಿತ್ರ. ಎಕ್ಸ್‌ಟರ್ನಲ್ ಮೇಷ್ಟ್ರು ನಿನ್ ಡೀಟೇಲ್ಸೇ ಹಾಕಮ್ಮ ಅಂದ್ರು, ಹಾಕ್ದೆ. ಇಂಗ್ ಬಂತು. ಏನೋ ತಪ್ಪು ಒತ್ತಿದೀಯ ಅಂದ್ಬುಟ್ರು. ನಾನು ತಪ್ಪು ಒತ್ತಿಲ್ಲ ಸಾರ್."

ಅವಳಿಗೆ ಮುಖ್ಯವಾಗಿದ್ದದ್ದು ಆ ಕೊನೆಯ ವಾಕ್ಯವೊಂದೇ. ಅವಳು ಅಂಕ ಕೇಳಲಿಲ್ಲ. ತಾನು ತಪ್ಪು ಒತ್ತಿರಲಿಲ್ಲವೆಂದು ಯಾರಾದರೂ ಒಪ್ಪಬೇಕಿತ್ತು.

ಪ್ರೋಗ್ರಾಮು ಬಹಳ ಸರಳವಾದದ್ದು. ಸಿ ಭಾಷೆ ಕಲಿಯಲು ಆರಂಭಿಸಿದವರು ಬರೆಯುವಂಥದು. ವಿದ್ಯಾರ್ಥಿಯ ಹೆಸರು, ಸಂಖ್ಯೆ, ಊರು ಇವನ್ನು ಕೇಳಿ, ನೆನಪಿನಲ್ಲಿಟ್ಟುಕೊಂಡು, ಮತ್ತೆ ಮುದ್ರಿಸಿ ತೋರಿಸಬೇಕು. ಅಷ್ಟೇ. ಸಿರಾ ಎಂದು ಕೊಟ್ಟರೆ ಸರಿಯಾಗಿ ಬರುತ್ತಿತ್ತು. ಮಧುಗಿರಿ, ಕೊರಟಗೆರೆ, ಪಾವಗಡ, ಎಲ್ಲವೂ ಸರಿ. ಪವಿತ್ರಳ ಪಕ್ಕದಲ್ಲಿ ಕೂರುತ್ತಿದ್ದ ಲಕ್ಷ್ಮೀದೇವಿ ಪಾವಗಡದ ಕಡೆಯ ಬಲಸಮುದ್ರದವಳು, ಅವಳದೂ ಸರಿ. ಚನ್ನರಾಯನದುರ್ಗವೆಂದು ಕೊಟ್ಟರೆ ಮಾತ್ರ ಆ ಹತ್ತಂಕಿಯ ಸಂಖ್ಯೆ. ಅಟೆಂಡರ್ ಬಷೀರ್ ಸಾಹೇಬರು ಕೀಲಿಮಣೆ ಬದಲಿಸಿದರು, ಯಂತ್ರ ಬದಲಿಸಿದರು, ಕೊನೆಗೆ ಇದು ಮಶೀನಿನ ಕಸೂರಲ್ಲ ಎಂದು ತೀರ್ಪು ಕೊಟ್ಟು ತಮ್ಮ ಸ್ಟೂಲಿಗೆ ಮರಳಿದರು. ಬೆರಗಿನ ಸಂಗತಿಯೆಂದರೆ ಊರಿನ ಹೆಸರು ಪೂರ್ತಿಯಾಗಿ, ಒಂದಕ್ಷರವೂ ಕೆಡದೆ ಮುದ್ರಣವಾಗುತ್ತಿತ್ತು. ಕೆಡುತ್ತಿದ್ದದ್ದು ಹುಡುಗಿಯ ಸಂಖ್ಯೆ ಮತ್ತು ಹೆಸರು. ಹೀಗಿರುವಾಗ ಊರಿನ ಮೇಲೆ ಯಾರು ಅನುಮಾನಪಟ್ಟಾರು?

ಅನುಮಾನಪಟ್ಟವಳು ಪವಿತ್ರಳೇ. ಶ್ರಾವಣದ ಒಂದು ಮಧ್ಯಾಹ್ನ, ಮಳೆ ಬರುವಂತೆ ಕವಿದು ಬಾರದೆ ಏಕಶಿಲಾ ಬೆಟ್ಟದ ಆಚೆಗೆ ಜಾರಿಹೋದ ದಿನ, ಅವಳು ತನ್ನೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹೆಚ್ಚಿಸುತ್ತಾ ಕೊಟ್ಟು ನೋಡಲಾರಂಭಿಸಿದಳು. ಹನ್ನೊಂದು ಅಕ್ಷರದವರೆಗೆ ಸಂಖ್ಯೆ ನಲವತ್ತೊಂದಾಗಿಯೇ ಉಳಿಯಿತು. ಹನ್ನೆರಡನೆಯ ಅಕ್ಷರಕ್ಕೆ, ಅಂದರೆ ಚನ್ನರಾಯನ ಎಂಬಷ್ಟು ಮುಗಿದಾಗ, ಸಂಖ್ಯೆ ಸೊನ್ನೆಯಾಯಿತು. ಹದಿಮೂರನೆಯದಾಗಿ ದುರ್ಗದ ಡಿ ಸೇರಿಸಿದಾಗ ನೂರಾಯಿತು. ಅವಳು ತಲೆಯೆತ್ತಿ ಗೋಡೆ ನೋಡಿದಳು. ಪ್ರತಿ ಅಕ್ಷರಕ್ಕೂ ಯಂತ್ರ ಒಂದು ಸಂಖ್ಯೆ ಕೊಟ್ಟಿರುತ್ತದೆ. ಆ ಪಟ್ಟಿಯನ್ನು ಯಾರೋ ಬಹಳ ಹಿಂದೆ ಅಲ್ಲಿ ಅಂಟಿಸಿದ್ದರು. ಸಣ್ಣ ಡಿ ಅಕ್ಷರದ ಎದುರು ನೂರು ಎಂದಿತ್ತು.

"ಸಾರ್," ಎಂದಳು, ಬಹಳ ಮೆಲ್ಲಗೆ. "ಅದು ನಂಬರಲ್ಲ. ನಮ್ಮೂರು."

ನಾನು ಓಡಿಹೋಗಿ ನೋಡಿದೆ. ಹೌದಾಗಿತ್ತು. ಮುಂದಿನದನ್ನು ನಾವು ಸೇರಿ ಬಿಡಿಸಿದೆವು. ಪ್ರೋಗ್ರಾಮಿನಲ್ಲಿ ಊರಿಗೆ ಹನ್ನೆರಡು ಅಕ್ಷರಗಳ ಜಾಗ, ಅದರ ಪಕ್ಕಕ್ಕೇ ಸಂಖ್ಯೆಯ ಜಾಗ, ಅದರಾಚೆ ಹೆಸರಿನ ಜಾಗ. ಊರಿನ ಹೆಸರು ಮುಗಿಯಿತೆಂದು ತಿಳಿಸಲು ಯಂತ್ರ ತಾನೇ ಸೇರಿಸುವ ಸೊನ್ನೆಗೂ ಒಂದು ಸ್ಥಳ ಬೇಕಾದ್ದರಿಂದ ನಿಜವಾಗಿ ಹಿಡಿಯುವುದು ಹನ್ನೊಂದೇ. ಚನ್ನರಾಯನದುರ್ಗಕ್ಕೆ ಇಂಗ್ಲಿಷಿನಲ್ಲಿ ಹದಿನೇಳು. ನಮ್ಮ ಕಡೆಯ ಬಸ್ಸನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹನ್ನೆರಡು ಸೀಟಿನಲ್ಲಿ ಹದಿನೇಳು ಜನ ಹತ್ತಿದರೆ ಉಳಿದವರು ಮುಂದಿನ ಸಾಲಿನವರ ತೊಡೆಯ ಮೇಲೆ ಕೂರುತ್ತಾರೆ. ಸಿ ಭಾಷೆಯ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಜಾಗವಿಲ್ಲ, ಇಳಿಯಿರಿ ಎನ್ನುವವರಿಲ್ಲ. ಊರನ್ನು ಎಲ್ಲಕ್ಕಿಂತ ಕೊನೆಗೆ ಕೇಳುತ್ತಿದ್ದುದರಿಂದ, ಆಗಲೇ ಕುಳಿತಿದ್ದ ನಲವತ್ತೊಂದರ ಮೇಲೆ ದುರ್ಗದ ನಾಲ್ಕು ಅಕ್ಷರಗಳು ಬಂದು ಕೂತು, ನಾಲ್ಕೂ ಸೇರಿ ಒಂದೇ ಹತ್ತಂಕಿಯ ಸಂಖ್ಯೆಯಾದವು; ಉಳಿದ ಕೊನೆಯ ಎ ಪವಿತ್ರಳ ಹೆಸರಿನ ಮೊದಲ ಸ್ಥಾನದಲ್ಲಿ ಕೂತು, ಅದರ ಹಿಂದೆಯೇ ಬಂದ ಸೊನ್ನೆ ಹೆಸರು ಮುಗಿಯಿತೆಂದಿತು. ಊರು ಪೂರ್ತಿಯಾಗಿ ಉಳಿದದ್ದೇ ಹುಡುಗಿಯನ್ನು ಅಳಿಸಿ.

ಲಕ್ಷ್ಮೀದೇವಿ ಬೆರಳು ಮಡಿಸಿ ತನ್ನೂರಿನ ಇಂಗ್ಲಿಷ್ ಅಕ್ಷರಗಳನ್ನು ಎಣಿಸಿದಳು. ಸರಿಯಾಗಿ ಹನ್ನೊಂದು. "ಅಮ್ಮಯ್ಯ, ನಮ್ ಬಲಸಮುದ್ರ ಬಾರ್ಡರಲ್ಲಿ ಪಾಸು," ಎಂದಳು. "ಲೇ ಪವಿ, ನಿಮ್ಮೂರ್ ಕೋಟೆ ಒಂದೀಟು ಕೆಡವಿಸಮ್ಮ."

"ಕೋಟೆ ಯಾಕ್ಲೇ ಕೆಡವ್ಬೇಕು? ಹನ್ನೆರಡ್ನ ಮೂವತ್ತೆರಡು ಮಾಡುದ್ರೆ ಸಾಕು," ಎಂದು ಪವಿತ್ರ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಒಂದು ಸಂಖ್ಯೆ ಬದಲಿಸಿದಳು, ಓಡಿಸಿದಳು. ಚನ್ನರಾಯನದುರ್ಗ, ನಲವತ್ತೊಂದು, ಪವಿತ್ರ. ಎಡಪುಟದಲ್ಲಿ ಮೊದಲು ಕೆಟ್ಟ ಉತ್ತರವನ್ನೂ ಅದರ ಕೆಳಗೆ ಸರಿಯಾದದ್ದನ್ನೂ ಬರೆದಳು. ನಾನು ಸಹಿ ಹಾಕಿದೆ. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷದಿಂದ ಹಾಕಿದ ಸಹಿ ಇನ್ನೊಂದಿಲ್ಲ.

ಆ ಹನ್ನೆರಡು ಎಲ್ಲಿಂದ ಬಂತೆಂದು ವಿಚಾರಿಸಿದೆ. ವಿಭಾಗದ ಕೈಪಿಡಿಯಿಂದ. ಕೈಪಿಡಿಯನ್ನು ಸಿದ್ಧಪಡಿಸಿದವನು ನಾಗಭೂಷಣ. ಅದನ್ನು ನಾನು ದೋಷವೆಂದು ಎಣಿಸಲಿಲ್ಲ. ಸಿರಾದವನಿಗೆ ಹನ್ನೆರಡು ಧಾರಾಳವಾಗಿಯೇ ಕಂಡಿರುತ್ತದೆ. ಅವನ ಮುಂದೆ ಎಲ್ಲವನ್ನೂ ಇಟ್ಟಾಗ ಅವನು ಪುಸ್ತಕವನ್ನು ಬಹಳ ಹೊತ್ತು ನೋಡಿ, ಬರವಣಿಗೆಯಲ್ಲಿ ಕೊಡು, ಮೇಲಕ್ಕೆ ಕಳುಹಿಸುತ್ತೇನೆ, ಕೈಪಿಡಿಯನ್ನೂ ತಿದ್ದಲಿ, ಆ ಹುಡುಗಿಯ ಹಿಂದಿನ ಅಂಕವೂ ಮರುಪರಿಶೀಲನೆಯಾಗಲಿ ಎಂದ. ನಾನು ಮೂರು ಪುಟದ ಪತ್ರ ಬರೆದೆ. ಪವಿತ್ರ ಒಂದೇ ಒಂದು ಕೋರಿಕೆ ಇಟ್ಟಿದ್ದಳು, ತನ್ನ ಹೆಸರು ಬೇಡ ಎಂದು. ನಾನು ಅವಳಿಗೆ ತರ್ಕ ಹೇಳಿದೆ. ಸಾಕ್ಷಿಯಿಲ್ಲದ ವಾದ ವಾದವೇ ಅಲ್ಲ, ನಿಜ ಹೇಳುವವರು ಹೆಸರು ಮರೆಮಾಚಬೇಕಾಗಿಲ್ಲ ಎಂದೆ. ಅವಳು ಸುಮ್ಮನಾದಳು. ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ; ಚರ್ಚಾಸ್ಪರ್ಧೆಯಲ್ಲಿ ಅದು ಹಾಗೆಯೇ ಅಲ್ಲವೇ. ಪತ್ರದ ಮೊದಲ ಸಾಲಿನಲ್ಲೇ ಅವಳ ಹೆಸರು, ನೋಂದಣಿ ಸಂಖ್ಯೆ ಹಾಕಿದೆ.

ಭಾದ್ರಪದ ಹೋಯಿತು, ಆಶ್ವಯುಜದ ಮಳೆ ಅಷ್ಟಿಷ್ಟು ಬಂದು ಹೋಯಿತು. ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕಾಲ ಬಂತು. ವಿದ್ಯಾರ್ಥಿಗಳು ಬ್ಯಾಗಿನಲ್ಲಿ ಹಸಿ ಕಾಯಿ ತರುತ್ತಿದ್ದರು. ಪ್ರಯೋಗಾಲಯದ ಕಿಟಕಿಯ ಕಟ್ಟೆಯ ಮೇಲೆ ಮಣ್ಣಿನ ಪುಡಿಯೂ ಸಿಪ್ಪೆಯೂ ಇರುತ್ತಿತ್ತು. ಪತ್ರದ ವಿಷಯ ಕೇಳಿದಾಗಲೆಲ್ಲ ನಾಗಭೂಷಣ ಹೋಗಿದೆ, ಬರುತ್ತದೆ ಎನ್ನುತ್ತಿದ್ದ. ಪರೀಕ್ಷೆಗೆ ವಾರವಿರುವಾಗ, ತಪಾಸಣೆಗೆಂದು ಎಲ್ಲರ ರೆಕಾರ್ಡುಗಳನ್ನೂ ತನ್ನ ಕೋಣೆಗೆ ತರಿಸಿಕೊಂಡ. ಪರೀಕ್ಷೆಯ ದಿನ ಬೆಳಿಗ್ಗೆ ನನ್ನನ್ನು ಇನ್ನೊಂದು ಕಟ್ಟಡದಲ್ಲಿ ಮೇಲ್ವಿಚಾರಣೆಗೆ ಹಾಕಿರುವ ಆದೇಶ ನನ್ನ ಮೇಜಿನ ಮೇಲಿತ್ತು.

ಸಂಜೆ ನಾಲ್ಕಕ್ಕೆ ಪ್ರಯೋಗಾಲಯಕ್ಕೆ ಬಂದಾಗ ಪರೀಕ್ಷಕರು ಹೊರಟುಹೋಗಿದ್ದರು. ಬಷೀರ್ ಸಾಹೇಬರು ಯಂತ್ರಗಳಿಗೆ ಬಟ್ಟೆ ಹೊದಿಸುತ್ತಿದ್ದರು. ನಾನು ಪವಿತ್ರಳ ಪುಸ್ತಕ ಹುಡುಕಿ ತೆರೆದೆ. ಎಡಪುಟ ಬೆಳ್ಳಗಾಗಿತ್ತು; ಕಾಗದದ ಮೈ ಒರಟಾಗಿ ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಅದರ ಮೇಲೆ ಹೊಸದಾಗಿ ಮೂರು ಸಾಲು: ಊರು ಕೊರಟಗೆರೆ, ಸಂಖ್ಯೆ 41, ಹೆಸರು ಪವಿತ್ರ. ಬಲಪುಟದಲ್ಲಿ ಮೂವತ್ತೆರಡನ್ನು ಹೊಡೆದುಹಾಕಿ ಮತ್ತೆ ಹನ್ನೆರಡು ಎಂದು ಬರೆದಿತ್ತು. ಕೆಳಗೆ ನನ್ನ ಸಹಿ ಹಾಗೆಯೇ ಇತ್ತು. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಪೆನ್ಸಿಲಿನ ಒತ್ತಿಗೆ ಕಾಗದ ತಗ್ಗಾಗಿದ್ದೆಡೆ ಆ ಹತ್ತಂಕಿಯ ಸಂಖ್ಯೆ ಇನ್ನೂ ಓದಿಸಿಕೊಳ್ಳುತ್ತಿತ್ತು.

ಅಕ್ಷರ ಅವಳದೇ. ಬೇರೆ ಯಾರೋ ತಿದ್ದಿದ್ದರೆ ನನಗೆ ಕೋಪ ಬರುತ್ತಿತ್ತು. ಇದು ಕೋಪವಾಗಿರಲಿಲ್ಲ.

ನಾಗಭೂಷಣನ ಕೋಣೆಗೆ ಹೋದೆ. ಅವನು ಮೇಜಿನ ಖಾನೆ ಎಳೆದು ನನ್ನ ಮೂರು ಪುಟಗಳನ್ನು ತೆಗೆದಿಟ್ಟ. ಅವು ಆ ಕೋಣೆಯನ್ನು ದಾಟಿಯೇ ಇರಲಿಲ್ಲ.

"ಕಳಿಸಿದ್ರೆ ಏನಾಗ್ತಿತ್ತು ಗೊತ್ತಾ?" ಎಂದ. "ಕಮಿಟಿ ಕೂರೋದು. ಅದು ಮುಗಿಯೋ ತಂಕ ಆ ಹುಡ್ಗಿ ರಿಸಲ್ಟ್ ತಡೆ ಹಿಡಿಯೋರು. ಅವಳ್ನ ಕರ್ದು, ಪತ್ರ ತೋರ್ಸಿ ಇದನ್ನೇ ಹೇಳ್ದೆ. ರೆಕಾರ್ಡು ಕೈಪಿಡಿಲಿ ಇದ್ದಂಗೇ ಇರ್ಲಿ, ಒಂದು ಊರ್ ಹೆಸ್ರು ಬದ್ಲಾಯ್ಸು, ಪಾಸಾಗೋಗು ಅಂದೆ. ಅವಳೇ ರಬ್ಬರ್ ಕೇಳಿದ್ಲು ಕಣಯ್ಯ."

ಕೈಪಿಡಿಯಲ್ಲಿ ಒಂದು ಸಂಖ್ಯೆಯನ್ನು ತಿದ್ದಲು ನಿನಗೆ ಏನು ಅಡ್ಡಿಯಿತ್ತು ಎಂದೆ. ತಿದ್ದಿದರೆ ಇಷ್ಟು ವರ್ಷ ತಪ್ಪಿತ್ತೆಂದು ಒಪ್ಪಿದ ಹಾಗಾಗುತ್ತದೆ, ನಪಾಸಾದ ಹಳಬರೆಲ್ಲ ಬಾಗಿಲಿಗೆ ಬರುತ್ತಾರೆ ಎಂದ. ವೇದಿಕೆಯ ಮೇಲೆ ಖಂಡನೆಗೆ ನಿಲ್ಲುತ್ತಿದ್ದಾಗಿನ ಅದೇ ಸಮತೂಕದ ದನಿ. ನನ್ನ ಬೆನ್ನಿಗೆ ಇದ್ದೇನೆಂದವನು ನನ್ನ ಎದುರಿನ ಪಕ್ಷದಲ್ಲಿ ಕುಳಿತು ಎಷ್ಟೋ ತಿಂಗಳಾಗಿತ್ತೆಂದು ನನಗೆ ತಿಳಿದದ್ದು ಆಗ.

ಪವಿತ್ರಳನ್ನು ಬಸ್ ನಿಲ್ದಾಣದಲ್ಲಿ ಹಿಡಿದೆ. ಕೊರಟಗೆರೆಯ ಬಸ್ಸಿಗೆ ಕಾಯುತ್ತಿದ್ದಳು. ನನ್ನನ್ನು ಕಂಡು ಅಡಗಲಿಲ್ಲ, ತಲೆತಗ್ಗಿಸಲೂ ಇಲ್ಲ. ನೀನೇ ಕಂಡುಹಿಡಿದದ್ದನ್ನು ನೀನೇ ಹೇಗೆ ಅಳಿಸಿದೆ ಎಂದು ಕೇಳಿದೆ.

"ಹೆಸ್ರು ಹಾಕ್ಬ್ಯಾಡಿ ಅಂದಿದ್ದೆ ಸಾರ್, ಹಾಕುದ್ರಿ. ನಿಮ್ಗೆ ಗೆಲ್ಬೇಕಿತ್ತು. ನಂಗೆ ಪಾಸಾಗ್ಬೇಕಿತ್ತು." ಬಸ್ಸು ಬಂತು. ಹತ್ತುವ ಮೊದಲು ತಿರುಗಿ, "ನಾನು ತಪ್ಪು ಒತ್ತಿರ್ಲಿಲ್ಲ ಅಂತ ನಿಮ್ಗೊಬ್ರಿಗೆ ಗೊತ್ತಲ್ಲ, ಸಾಕು ಬುಡಿ," ಎಂದಳು.

ಅವಳು ಪಾಸಾದಳು. ಮುಂದಿನ ಸೆಮಿಸ್ಟರಿಗೆ ನನ್ನನ್ನು ಕರೆಯಲಿಲ್ಲ. ಇಬ್ಬರೂ ನನ್ನನ್ನು ವಂಚಿಸಿದರೆಂದು ಬಹಳ ವರ್ಷ ನಂಬಿದ್ದೆ. ಒಬ್ಬನ ವಿಷಯದಲ್ಲಿ ಇಂದಿಗೂ ನಂಬಿದ್ದೇನೆ. ಇನ್ನೊಬ್ಬಳ ವಿಷಯದಲ್ಲಿ ಯಾರು ಯಾರನ್ನು ಮೊದಲು ಕೈಬಿಟ್ಟರು ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಹೊರಟರೆ ನನ್ನ ಪಕ್ಷ ದುರ್ಬಲವಾಗುತ್ತದೆ.

ಮತ್ತೆ ಕಳೆದ ತಿಂಗಳಿಗೆ ಬರುತ್ತೇನೆ. ಪರೀಕ್ಷಕನ ಕುರ್ಚಿಯಲ್ಲಿ ಕುಳಿತು ನಾನು ತೆರೆದ ಪುಸ್ತಕದ ಬಲಪುಟದಲ್ಲಿ ಅದೇ ಪ್ರೋಗ್ರಾಮು, ಅದೇ ಹನ್ನೆರಡು. ಎಡಪುಟದಲ್ಲಿ ಪೆನ್ಸಿಲಿನಲ್ಲಿ ಊರು ಕೊರಟಗೆರೆ ಎಂದಿತ್ತು. ಎದುರಿಗೆ ನಿಂತಿದ್ದ ಹುಡುಗಿಯನ್ನು ನಿನ್ನ ಊರು ಯಾವುದಮ್ಮ ಎಂದೆ. ಚನ್ನರಾಯನದುರ್ಗ ಎಂದಳು. ಮತ್ತೆ ಇಲ್ಲಿ ಹೀಗೇಕೆ ಎಂದೆ.

"ಅಂಗೇ ಬರಿಬೇಕು ಸಾರ್. ಉದ್ದದ್ ಊರು ತಗೊಳಲ್ಲ ಇದು. ಮಿಸ್ ಮೊದಲ್ನೇ ದಿನಾನೇ ಹೇಳ್ಕೊಟ್ಟವ್ರೆ."

ಮಿಸ್ ಆಗಷ್ಟೇ ಒಳಗೆ ಬಂದು ನನ್ನ ಹಿಂದೆಯೇ ನಿಂತಿದ್ದರು. ತಿರುಗಿ ನೋಡಿದೆ. ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದವಳು ಪವಿತ್ರ. ಪದವಿ ಮುಗಿಸಿ, ಇದೇ ಕೋಣೆಗೆ ಬೋಧಕಿಯಾಗಿ ಬಂದು ಸೇರಿದ್ದಳು. ನಮ್ಮಿಬ್ಬರ ಆ ಶ್ರಾವಣದ ಮಧ್ಯಾಹ್ನದಿಂದ ಉಳಿದದ್ದು ಇಷ್ಟು. ನಾವು ತಪ್ಪನ್ನು ಕಂಡುಹಿಡಿದದ್ದು ಅದನ್ನು ಹೇಗೆ ತಪ್ಪಿಸಿಕೊಂಡು ಹೋಗಬೇಕೆಂದು ಮುಂದಿನವರಿಗೆ ಕಲಿಸಲು ಉಪಯೋಗಕ್ಕೆ ಬಂತು.

ನಾನು ಹುಡುಗಿಯ ಕಡೆ ತಿರುಗಿ, ನಿನ್ನ ಊರನ್ನೇ ಒತ್ತಮ್ಮ, ನೋಡೋಣ ಎಂದೆ. ಹುಡುಗಿಯ ಕೈ ಕೀಲಿಮಣೆಯ ಮೇಲೆ ನಿಂತಿತು. ಅವಳ ಕಣ್ಣು ನನ್ನನ್ನು ದಾಟಿ ಪವಿತ್ರಳನ್ನು ನೋಡುತ್ತಿತ್ತು.

"ಬ್ಯಾಡ ಸಾರ್, ಅವಳ್ನ ಬುಟ್ಬುಡಿ," ಎಂದಳು ಪವಿತ್ರ. ದನಿ ಏರಲಿಲ್ಲ. "ಕೈಪಿಡಿ ತಿದ್ದಿ ಅಂತ ನಾನೂ ಕೇಳಿದೀನಿ, ಆಗಿಲ್ಲ. ನಾನ್ ಬಂದ್ಮೇಲೆ ನಮ್ಮೂರ್ ಹುಡ್ಗೀರು ಒಬ್ರೂ ಇದ್ರಲ್ಲಿ ಫೇಲಾಗಿಲ್ಲ."

ಖಂಡಿಸಲು ನನ್ನ ಬಳಿ ಮಾತುಗಳಿದ್ದವು. ತಪ್ಪನ್ನು ಹೊರುವವರು ಇರುವವರೆಗೆ ಅದನ್ನು ಮಾಡಿದವರು ತಿದ್ದುವುದಿಲ್ಲ ಎನ್ನಬಹುದಿತ್ತು. ಆದರೆ ಆ ವಾದಕ್ಕೆ ಸಾಕ್ಷಿಯಾಗಿ ಮತ್ತೊಬ್ಬ ಹುಡುಗಿಯನ್ನು ನಿಲ್ಲಿಸಬೇಕಿತ್ತು, ಅವಳ ಅಂಕವನ್ನು ಪಣಕ್ಕಿಟ್ಟು. ಹುಡುಗಿ ಕೊರಟಗೆರೆ ಎಂದು ಒತ್ತಿದಳು. ಉತ್ತರ ಸರಿಯಾಗಿ ಬಂತು. ನಾನು ಪೂರ್ತಿ ಅಂಕ ಹಾಕಿ, ಎಡಪುಟದ ಕೆಳಗೆ ಸಹಿ ಮಾಡಿದೆ. ನಿಜವಲ್ಲವೆಂದು ತಿಳಿದೂ ಹಾಕಿದ ಸಹಿ. ಹೊರಗೆ ಬಂದು ಚಪ್ಪಲಿ ಹುಡುಕುವಾಗ ಕೈಯಲ್ಲಿ ಇನ್ನೂ ಆ ರಬ್ಬರಿನ ವಾಸನೆಯಿತ್ತು.

ಪರೀಕ್ಷೆಯ ದಿನ ಒಬ್ಬ ಪರೀಕ್ಷಕನಿಂದ ಆಗದ್ದು ಇದು. ಪರೀಕ್ಷೆಗೆ ತಿಂಗಳುಗಳಿರುವಾಗ ಮನೆಯವರಿಂದ ಆದೀತು. ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ ಈ ವಾರ ಅವರ ರೆಕಾರ್ಡ್ ಪುಸ್ತಕವನ್ನು ತೆರೆದು ಎಡಪುಟವನ್ನು ಓದಿ. ಇದು ನಿಜವಾಗಿ ಬಂದ ಉತ್ತರವೇ ಎಂದು ಕೇಳಿ. ಅಲ್ಲವೆಂದರೆ ಮಕ್ಕಳನ್ನು ಬಯ್ಯಬೇಡಿ. ನೀವೇ ಕಾಲೇಜಿಗೆ ಹೋಗಿ ಕೈಪಿಡಿಯನ್ನು ತಿದ್ದುವಂತೆ ಕೇಳಿ. ಆ ಅರ್ಜಿಯಲ್ಲಿ ನಿಮ್ಮ ಹೆಸರು ಹಾಕಿ, ಮಕ್ಕಳದ್ದು ಹಾಕಬೇಡಿ.